ಚೆಂಡಿನ ಕೆಳಗಿನ ಮಸಿ

ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅತ್ತೆ ನನ್ನ ಪೆನ್ಸಿಲ್ ಚಿತ್ರವನ್ನು ಸೆರಗಿನಿಂದ ಒರೆಸುತ್ತಿದ್ದರು.

“ಚೆಂಡು ಚಲೋ ತಗದೀಯವ್ವ. ಬುಡಕ ಮಸಿ ಹತ್ತಿತ್ತು, ಒರಸೀನಿ ನೋಡು” ಎಂದರು.

ಅದು ಮಸಿಯಲ್ಲ, ನಾನು ವಾರವಿಡೀ ತಿದ್ದಿ ತೀಡಿದ ಗೋಳದ ನೆರಳು. ನನಗೆ ಅಳುವೇ ಬಂತು. ಮತ್ತೆ ಬರೆಯಲು ಹೊತ್ತಿರಲಿಲ್ಲ. ಅದನ್ನೇ ಹಿಡಿದು ಪಾರ್ವತಿನಗರದ ಚಿತ್ರಕಲೆ ತರಗತಿಗೆ ಹೋದೆ. ಅಲ್ಲಿ ಮಾಸ್ತರರು ಹಾಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿ, “ನೆರಳು ಅಂದ್ರ ಹಿಂಗ ಮೆತ್ತಗ ಹರಡಬೇಕ್ರಿ” ಎಂದರು.

ಮನೆಗೆ ಬಂದು ಖುಷಿಯಿಂದ ಹೇಳಿದರೆ ಅತ್ತೆಯ ಮುಖ ಸಪ್ಪಗಾಯಿತು. “ಅಂದ್ರ ಮಸಿ ಪೂರ್ತಿ ಹೋಗಿಲ್ಲೇನು?”

ಈಗ ನನ್ನ ಚಿತ್ರಗಳನ್ನು ಬೀರುವಿನಲ್ಲಿ ಇಡುತ್ತೇನೆ. ನೆರಳು ಸರಿಯಾಗಿ ಬಾರದ ದಿನ ಮಾತ್ರ, ಮರೆತವಳಂತೆ ಹಾಳೆಯನ್ನು ಅತ್ತೆಯ ಮಂಚದ ಮೇಲೆ ಬಿಟ್ಟು ಬರುತ್ತೇನೆ.