ಅವ್ವನ ಕಿಟಕಿಗೆ ಬಿದಿರು

ಮುಂಬಯಿಯ ಕಾಂದಿವಲಿಯಲ್ಲಿ ನಮ್ಮ ಬಿಲ್ಡಿಂಗ್ ಎದುರು ಹೊಸ ಟವರ್ ಎದ್ದಿತು. ಅದರ ಪಾರ್ಕಿಂಗ್ ಮಹಡಿಗಳಲ್ಲಿ ನಿಂತರೆ ಗ್ರೌಂಡ್ ಫ್ಲೋರಿನ ನಮ್ಮ ಮಲಗುವ ಕೋಣೆ ನೇರ ಕಾಣುತ್ತದೆ. ಅಲ್ಲಿ ಅವ್ವನ ಮಂಚವಿತ್ತು. ಲಕ್ವಾ ಹೊಡೆದ ಮೇಲೆ ಮೈ ಒರೆಸುವುದು, ಸೀರೆ ಬಿಟ್ಟು ಗೌನು ತೊಡಿಸುವುದು ಎಲ್ಲ ಅದೇ ಮಂಚದ ಮೇಲೆ. ಪರದೆ ಎಳೆದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ತೆರೆದಿಟ್ಟರೆ ಎದುರಿಗೆ ಕಾರು ತೊಳೆಯುವವರು, ಸಿಗರೇಟು ಸೇದುವವರು. ವಿಜಯಪುರ ಬಿಟ್ಟು ಇಷ್ಟು ವರ್ಷವಾದರೂ ತಲೆಯ ಮೇಲಿನ ಸೆರಗು ಜಾರಗೊಡದ ಹೆಂಗಸು, ನಾನು ಒರೆಸುವಾಗ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಕಿಟಕಿಯ ಹೊರಗೆ ಎರಡು ಹೆಜ್ಜೆ ಅಗಲದ ಮಣ್ಣಿತ್ತು. ಬಿಲ್ಡರ್ ಅದನ್ನು ಗಾರ್ಡನ್ ಎಂದು ಹೇಳಿ ಮಾರಿದ್ದ. ಅಲ್ಲಿ ಬಿದಿರು ಹಾಕಿದರೆ ಬೆಳಕೂ ಬರುತ್ತದೆ, ಮರೆಯೂ ಆಗುತ್ತದೆ ಎಂದು ನನಗೆ ಹೊಳೆಯಿತು. ಹೊಳೆಯಿತೆಂದು ಖುಷಿಯೇನೂ ಆಗಲಿಲ್ಲ. ಆ ವರ್ಷ ನನಗೆ ಏನೂ ತಟ್ಟುತ್ತಿರಲಿಲ್ಲ. ಲೋಕಲ್ ಟ್ರೇನು, ಆಫೀಸು, ಮತ್ತೆ ಲೋಕಲ್, ಅವ್ವನ ಡೈಪರು. ಅಳು ಬರುತ್ತಿರಲಿಲ್ಲ. ಸಿಟ್ಟು ಮಾತ್ರ ಆಗಾಗ ಬಂದು ಹೋಗುತ್ತಿತ್ತು.

ಭಾನುವಾರ ನರ್ಸರಿಗೆ ಹೋದೆ. ಅಲ್ಲಿಯವನು ಹಿಂದಿಯಲ್ಲಿ ವಿವರಿಸಿದ. ಒಂದು ಜಾತಿ ನೆಟ್ಟಲ್ಲೇ ಗುಂಪಾಗಿ ಬೆಳೆಯುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ, ಆದರೆ ದಟ್ಟವಾಗಲು ಮೂರು ಮಳೆಗಾಲ ಬೇಕು. ಇನ್ನೊಂದು ನೆಲದೊಳಗೇ ಓಡುತ್ತದೆ. ಒಂದೇ ಮಳೆಗಾಲಕ್ಕೆ ಕಿಟಕಿ ಮುಚ್ಚುತ್ತದೆ, ಆಮೇಲೆ ಪಕ್ಕದ ಮನೆಯವರ ನೆಲದ ಫರ್ಶಿಕಲ್ಲನ್ನೂ ಎಬ್ಬಿಸುತ್ತದೆ.

“ಎಷ್ಟು ವರ್ಷಕ್ಕೆ ಬೇಕು ಮೇಡಮ್?” ಎಂದ. ಬಾಡಿಗೆ ಮನೆಯೋ ಸ್ವಂತದ್ದೋ ತಿಳಿಯಲು ಕೇಳಿದ್ದ, ಪಾಪ. ನಾನು ಗಿಡ ಕೊಳ್ಳದೆ ರಿಕ್ಷಾ ಹತ್ತಿದೆ.

ಮನೆ ಮುಟ್ಟುವುದರೊಳಗೆ ಗುಂಪಿನದ್ದೇ ಸರಿ ಎಂದು ತೀರ್ಮಾನಿಸಿದ್ದೆ. ಓಡುವುದನ್ನು ತಂದರೆ ಅವ್ವನಿಗೆ ಮೂರು ಮಳೆಗಾಲ ಉಳಿದಿಲ್ಲ ಎಂದು ನಾನೇ ಬರೆದುಕೊಟ್ಟ ಹಾಗಾಗುತ್ತಿತ್ತು.

“ಬಿದರ ಸಿಕ್ಕತೇನ?” ಅವ್ವ ಕೇಳಿದಳು. ನಾಲಿಗೆ ತೊದಲುತ್ತಿತ್ತು, ಬುದ್ಧಿಯಲ್ಲ.

“ಎರಡ ನಮೂನಿ ಅದಾವ. ಒಂದು ಓಡತದ, ಒಂದು ಗುಂಪಾಗಿ ಬೆಳಿತದ. ಗುಂಪಿಂದ ಛಲೋ, ಅದನ್ನ ತರತೀನಿ.”

“ಎಷ್ಟ ದಿನಾ ಹಿಡಿತದ?”

“ಮೂರು ಮಳಿಗಾಲ.”

ಅವ್ವ ಎದುರಿನ ಪಾರ್ಕಿಂಗನ್ನು ನೋಡಿದಳು.

“ಅಲ್ಲೀಮಟ ಎಲ್ಲಿರತೀನಿ ನಾ? ಓಡೂದನ್ನ ತಾ. ನಾ ಹೋದ ಮ್ಯಾಲ ಕಿತ್ತ ಒಗಿ.” ಮಾರ್ಕೆಟ್ಟಿನಿಂದ ಮೆಂತ್ಯ ಪಲ್ಯ ತಾ ಎನ್ನುವ ದನಿಯೇ ಅದು.

“ಹೂಂ,” ಅಂದೆ.

ಹಂಗ ಅನಬ್ಯಾಡ ಅವ್ವಾ ಎಂದು ಯಾವ ಮಗಳಾದರೂ ಹೇಳುತ್ತಾಳೆ. ಅವ್ವ ಆ ಮಾತಿಗಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದೆ, ನರ್ಸರಿ ಮುಚ್ಚುವ ಹೊತ್ತಾಗಿತ್ತು.