ನಿಲ್ಲೋದಿಲ್ಲ ಅಂದರೆ ಏನು

ಹೆರಿಗೆಯಲ್ಲಿ ಹಾಕಿದ್ದ ಮೂತ್ರದ ಕೊಳವೆ, ಕ್ಯಾತಿಟರ್, ತೆಗೆದ ಮಾರನೆಯ ಬೆಳಗ್ಗೆ ಹಾಸಿಗೆ ಒದ್ದೆಯಾಗಿತ್ತು. ಕಾಲ ಬಳಿ ಇಟ್ಟಿದ್ದ ಬಿಸಿನೀರಿನ ಸೀಸೆ ಸೋರಿರಬೇಕು ಅಂದುಕೊಂಡೆ. ಮುಚ್ಚಳ ಭದ್ರವಾಗಿತ್ತು.

ಸೋರುತ್ತಿದ್ದವಳು ನಾನು.

ಮದ್ದೂರಿನ ನಮ್ಮ ಮನೆಯಲ್ಲಿ ಶುರುವಾದ ಹೆರಿಗೆ ದಿನಗಟ್ಟಲೆ ಎಳೆದು, ಆಸ್ಪತ್ರೆ ಸೇರುವಷ್ಟರಲ್ಲಿ ಮಗು ಹೋಗಿತ್ತು. ಮಗುವಿಗಾಗಿ ಮನಸಾರೆ ಅಳಲೂ ಆಗಲಿಲ್ಲ. ಹಳೆ ಸೀರೆ ಹರಿದು ಮಡಿಸುವುದು, ಒಗೆಯುವುದು, ಕಣ್ಣಿಗೆ ಬೀಳದ ಹಾಗೆ ಒಣಗಿಸುವುದು, ಇಷ್ಟರಲ್ಲೇ ಹಗಲು ಕಳೆಯುತ್ತಿತ್ತು. ಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುವವಳು. ಕುರ್ಚಿ ಬಿಟ್ಟು ನಿಂತೇ ಪಾಠ ಮಾಡತೊಡಗಿದೆ. ಮೈಗೆಲ್ಲ ಪೌಡರ್ ಸುರಿದುಕೊಂಡರೂ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೂಗಿಗೆ ಕೈ ಒಯ್ದಳು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅತ್ತೆಗೆ ತಿಳಿಯದೆ ಇರುತ್ತದೆಯೇ? ಕೊತ್ತತ್ತಿಯ ಹೊಲಗದ್ದೆಯಲ್ಲಿ ಬೆಳೆದ ಗಟ್ಟಿ ಹೆಂಗಸು. ಮಂಡ್ಯದ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಬಸ್ಸಿನಲ್ಲಿ ಸೀಟಿದ್ದರೂ ನಾನು ಕೂರಲಿಲ್ಲ.

ಓಪಿಡಿಯಲ್ಲಿ ಇದ್ದವನು ಚಿಕ್ಕ ವಯಸ್ಸಿನ ಡಾಕ್ಟರ್. ಏನು ತೊಂದರೆ ಎಂದು ಕೇಳಿದ. ನಾನು ಅತ್ತೆಯ ಕಡೆ ನೋಡಿದೆ. ಅತ್ತೆಯೇ, ಗಂಡಸಿನ ಮುಂದೆ ಆ ಮಾತು ಆಡಬಾರದೆಂದು, ಅರ್ಧ ನುಂಗಿ ಹೇಳಿದರು: "ಬಾಣಂತನ ಆದಾಗಿಂದ ನಮ್ಮುಡುಗೀಗೆ ನಿಲ್ಲಕ್ಕಿಲ್ಲ ಕಣಪ್ಪ."

ಪರೀಕ್ಷೆಗೆ ಒಳಗೆ ಬನ್ನಿ ಎಂದ. ನಾನು ಒಲ್ಲೆ ಎಂದೆ. ಏನು ನಿಲ್ಲುವುದಿಲ್ಲ ಎಂದು ಕೇಳದೆ ಅವನು ಇಂಗ್ಲಿಷಿನಲ್ಲಿ ಅಷ್ಟನ್ನೇ ಬರೆದುಕೊಂಡ.

ಆಗ ಆ ಆಸ್ಪತ್ರೆಯಲ್ಲಿ ಹೊಸ ಪ್ರಯೋಗವೊಂದು ನಡೆದಿತ್ತು. ಡಾಕ್ಟರು ಬರೆದ ಕೇಸ್ ಶೀಟನ್ನು ಗುಮಾಸ್ತರು ಓದಿ, ರೋಗ ಯಾವುದೆಂದು ಕಾರ್ಡಿಗೆ ತೂತು ಹೊಡೆದು ಗುರುತು ಮಾಡುತ್ತಿದ್ದರು. ಬೆಂಗಳೂರಿನ ಕಂಪ್ಯೂಟರ್ ಮಿಷನ್ನು ಆ ಕಾರ್ಡುಗಳನ್ನು ವಿಂಗಡಿಸಿ ಪಟ್ಟಿ ಕಳಿಸುತ್ತಿತ್ತು. ಆಪರೇಷನ್ ಮಾಡುವ ದೊಡ್ಡ ಲೇಡಿ ಡಾಕ್ಟರು ಹೊರಗಿನಿಂದ ಬಂದು ಅದೇ ದಿನ ಹೊರಟುಬಿಡುವವರು. ತಮ್ಮ ಪಟ್ಟಿಯಲ್ಲಿ ಯಾರ ಹೆಸರಿದೆಯೋ ಅವರನ್ನಷ್ಟೇ ನೋಡುತ್ತಿದ್ದರು.

ಅವರು ಬರುವ ದಿನ ಅತ್ತೆಯೊಂದಿಗೆ ಮತ್ತೆ ಹೋದೆ. ನನ್ನ ಹೆಸರು ಕೂಗಿದ್ದು ಗರ್ಭ ನಿಲ್ಲದವರ ಸಾಲಿನಲ್ಲಿ.

ತಪ್ಪು ಎಂದು ತಕ್ಷಣ ಗೊತ್ತಾಯಿತು. ಒಂದೇ ಪದಕ್ಕೆ ಎಷ್ಟು ಅರ್ಥ ಎಂದು ಮಕ್ಕಳಿಗೆ ನಾನಾರ್ಥ ಬರೆಸುವವಳು ನಾನು. ಆದರೂ ಹೋಗಿ ನಿಂತೆ. ಅಲ್ಲಿದ್ದ ಹೆಂಗಸರು ಜಾಗ ಬಿಟ್ಟುಕೊಟ್ಟು, "ನಿಮ್ಗೂ ಇಂಗೇ ಆಯ್ತಾ ಅಕ್ಕ?" ಎಂದರು. ಹೌದೆಂದೆ. ಬಾಯಿಬಿಟ್ಟು ಹೇಳಿಕೊಳ್ಳಬಹುದಾದ ಕಾಯಿಲೆಯೊಂದು ನನಗೆ ಸಿಕ್ಕಿತ್ತು. ಮಾತ್ರೆ ತೆಗೆದುಕೊಂಡು, ವಾಸಿಯಾಗದೆ, ಮಾನವಾಗಿ ಮನೆಗೆ ಹೋಗಲು ನಾನು ತಯಾರಿದ್ದೆ.

ಕಾಫಿ ತರಲು ಹೋಗಿದ್ದ ಅತ್ತೆ ಬಂದು ಸಾಲು ನೋಡಿದರು. ಗುಮಾಸ್ತರನ್ನು ವಿಚಾರಿಸಿದರು.

"ಪಟ್ಟಿ ಮಿಷನ್ನಿಂದ ಬಂದಿರೋದಮ್ಮ, ತಪ್ಪಾಗಲ್ಲ" ಎಂದರು ಅವರು.

"ಮಿಸನ್ನಿಗೆ ಯೋಳ್ದೋನು ನೀನೇ ತಾನೆ? ನಿಲ್ದೇ ಇರೋದು ಬಸುರಲ್ಲ ಕಣಯ್ಯ, ಉಚ್ಚೆ! ಉಚ್ಚೆ ನಿಲ್ಲಕ್ಕಿಲ್ಲ ಅಂತ ಬರ್ಕೊ!"

ಇಡೀ ವರಾಂಡ ನನ್ನತ್ತ ತಿರುಗಿತು.

ಸೆರಗಿನಿಂದ ಮುಖ ಮುಚ್ಚಿಕೊಂಡೆ. ಆ ಗಳಿಗೆಯಲ್ಲಿ ಅತ್ತೆ ಸತ್ತರೂ ಸರಿ ಅನ್ನಿಸಿತು. ಆದರೆ ಕೂಗು ಒಳಗಿದ್ದ ಲೇಡಿ ಡಾಕ್ಟರಿಗೂ ಕೇಳಿಸಿತ್ತು. ಬಾಗಿಲಿಗೆ ಬಂದು, "ಆ ಹುಡುಗೀನ ಮೊದಲು ಕಳಿಸಿ" ಎಂದರು. ಹೆರಿಗೆಯಲ್ಲಿ ಮೂತ್ರಕೋಶಕ್ಕೆ ತೂತು ಬಿದ್ದಿದೆ, ಹೊಲಿಯಬಹುದು ಎಂದರು. ಹೊಲಿಯಬಹುದಂತೆ! ಅಷ್ಟು ದಿನ ಯಾರಿಗಾಗಿ ಬಚ್ಚಿಟ್ಟುಕೊಂಡಿದ್ದೆನೋ.

ಆಪರೇಷನ್ ಆಯಿತು. ಮೊನ್ನೆ ತೋರಿಸಲು ಹೋದಾಗ ಅದೇ ಚಿಕ್ಕ ಡಾಕ್ಟರ್ ಕೂತಿದ್ದ. ಹೇಗಿದೆ ಎಂದ. ಅತ್ತೆ ಬಾಯಿ ತೆರೆದರು. ನಾನು ಅವರ ಕೈ ಹಿಡಿದೆ.

"ಉಚ್ಚೆ ನಿಲ್ತಿದೆ ಡಾಕ್ಟ್ರೇ" ಎಂದೆ. ಅವನು ತಲೆಯೆತ್ತದೆ ಬರೆದುಕೊಂಡ.

ವಾಪಸು ಬರುವಾಗ ಬಸ್ಸಿನಲ್ಲಿ, "ಕೂತ್ಕೊಳವ್ವ, ಇನ್ನೇನು ಬುಡು" ಎಂದರು ಅತ್ತೆ. ಕೂತೆ. ಮದ್ದೂರಿನಲ್ಲಿ ಏಳುವಾಗ, ಯಾರೂ ನೋಡದ ಹಾಗೆ, ಸೀಟಿನ ಮೇಲೆ ಕೈಯಾಡಿಸಿದೆ.

ಒದ್ದೆಯಾಗಿರಲಿಲ್ಲ.