ಮನೂರಿನ ಕಡೆಗೆ ಮಸೂರಗಳ ಪೆಟ್ಟಿಗೆ

ಕಲಬುರಗಿಯಿಂದ ರೈಲಿನಲ್ಲಿ ಬಂದು ತೆಲಂಗಾಣದ ತಾಂಡೂರಿನಲ್ಲಿ ಇಳಿದಾಗ ಎಲ್ಲರ ಕಣ್ಣೂ ನನ್ನ ಕೈಯಲ್ಲಿದ್ದ ಕರಿ ಪೆಟ್ಟಿಗೆಯ ಮೇಲೆ. ಒಳಗಿದ್ದದ್ದು ದೃಷ್ಟಿ ಪರೀಕ್ಷಿಸುವ ಗಾಜಿನ ಮಸೂರಗಳು. ನಾನು ಆಪ್ಟೊಮೆಟ್ರಿ ಕೊನೆಯ ವರ್ಷದ ವಿದ್ಯಾರ್ಥಿನಿ. ದೃಷ್ಟಿ ಅಳೆದು ಯಾವ ಕನ್ನಡಕ ಬೇಕೆಂದು ಹೇಳುವುದು, ರೋಗದ ಸುಳಿವು ಕಂಡರೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸುವುದು ನಮ್ಮ ವಿದ್ಯೆ. ಇದನ್ನು ಸೋದರಮಾವನಿಗೆ ಹೇಳಿ ಹೇಳಿ ಸಾಕಾಗಿದೆ. ಮದುವೆಮನೆಗಳಲ್ಲಿ ಅವರು ನನ್ನನ್ನು "ಚಷ್ಮಾದಂಗಡಿ ಕೋರ್ಸ್ ಮಾಡಾಕತ್ಯಾಳ" ಎಂದೇ ಪರಿಚಯಿಸುತ್ತಾರೆ.

ಜೊತೆಗೆ ಸಹಪಾಠಿ ರಫಿಯಾ ಇದ್ದಳು. ಜಹೀರಾಬಾದಿನ ಬಸ್ಸಿನಲ್ಲಿ ಹೆಂಗಸರೆಲ್ಲ ಆಧಾರ್ ತೋರಿಸಿ ಪುಕ್ಕಟೆ ಪ್ರಯಾಣ ಮಾಡುತ್ತಿದ್ದರು. ನಾವೂ ಗತ್ತಿನಿಂದ ಕಾರ್ಡು ಚಾಚಿದೆವು. ಕಂಡಕ್ಟರ್ ವಿಳಾಸ ಓದಿ ನಕ್ಕರು. "ನಿಮ್ಮ ಫ್ರೀ ಬಸ್ ಗಡಿ ಆಚೀಗೇ ಉಳೀತು ನೋಡ್ರೆವ್ವಾ. ಟಿಕೆಟ್ ತಗೋರಿ." ಬಸ್ಸಿಗೆ ಬಸ್ಸೇ ನಕ್ಕಿತು. ಜಹೀರಾಬಾದಿನ ನಿಲ್ದಾಣದಲ್ಲಿ ಕೊಹೀರಿನ ಪೇರಲ ಹಣ್ಣಿಗೆ ಉಪ್ಪು ಖಾರ ಹಚ್ಚಿಸಿಕೊಂಡು ತಿಂದು ಅವಮಾನ ಮರೆತೆವು. ನಾರಾಯಣಖೇಡ ತಲುಪುವಾಗ ಚಳಿ ಬಿದ್ದಿತ್ತು. ಶಾಲೆಮಕ್ಕಳ ಕಣ್ಣು ತಪಾಸಣೆಯ ಶಿಬಿರದ ಹೊಣೆ ಹೊತ್ತ ನಮ್ಮ ಮೇಡಂ ಮೊದಲೇ ಬಂದು ಕೋಣೆ ಹಿಡಿದಿದ್ದರು. ಬಿಸಿ ಜೋಳದ ರೊಟ್ಟಿ, ತೊಗರಿಬೇಳೆ ಉಂಡು ಮಲಗಿದೆವು.

ಮರುದಿನ ಷೇರ್ ಆಟೋದಲ್ಲಿ, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಮನೂರಿನ ಕಡೆಯ ಹಳ್ಳಿಗೆ ಹೊರಟೆವು. ರಸ್ತೆಯ ಎರಡೂ ಬದಿ ಹಳದಿ ಹೂವಿನ ತೊಗರಿ. ಅಲ್ಲಿನ ಶಾಲೆಯ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡಿ, ತರಗತಿಯಲ್ಲಿ ತೆಲುಗು ಓದಿ, ಅಂಗಳದಲ್ಲಿ ಉರ್ದುವಿನಲ್ಲಿ ಜಗಳಾಡುತ್ತಾರೆ. ಅದಕ್ಕೇ ನಾವು ಅಕ್ಷರಗಳ ಪಟ ಒಯ್ದಿರಲಿಲ್ಲ. ನಮ್ಮ ಪಟದಲ್ಲಿ ಬಾಚಣಿಗೆಯಂಥ ಮೂರು ಹಲ್ಲಿನ ಚಿಹ್ನೆಗಳಷ್ಟೇ ಇರುತ್ತವೆ. ಹಲ್ಲು ಯಾವ ಕಡೆಗಿದೆ ಎಂದು ಮಕ್ಕಳು ಕೈಯಲ್ಲಿ ತೋರಿಸಿದರೆ ಸಾಕು.

ಅನಿತಾ ಎಂಬ ಹುಡುಗಿ ಎಲ್ಲವನ್ನೂ ಪಟಪಟನೆ ತೋರಿಸಿದಳು, ಅದೂ ಕಣ್ಣು ಕಿರಿದು ಮಾಡಿಕೊಂಡು. ನನಗೆ ಅನುಮಾನ ಬಂತು. ರಫಿಯಾಗೆ ಸನ್ನೆ ಮಾಡಿದೆ. ಅವಳು ಪಟವನ್ನು ಸದ್ದಿಲ್ಲದೆ ತಲೆಕೆಳಗು ಮಾಡಿ ನೇತುಹಾಕಿದಳು. ಅನಿತಾ ಮತ್ತೆ ಅದೇ ಧೈರ್ಯದಿಂದ ಹಳೆಯ ಉತ್ತರಗಳನ್ನೇ ತೋರಿಸಿದಳು! ಸಾಲಿನಲ್ಲಿ ನಿಂತಾಗ ಮುಂದಿನವರ ಕೈ ನೋಡಿ ಬಾಯಿಪಾಠ ಮಾಡಿದ್ದಳು. ನಗು ತಡೆದುಕೊಂಡು ರೆಟಿನೋಸ್ಕೋಪ್ ಹಿಡಿದೆ. ಅದು ಕಣ್ಣಿನೊಳಗೆ ಬೆಳಕು ಬಿಟ್ಟು, ಕೇಳದೆಯೇ ಪವರ್ ತಿಳಿಸುವ ಉಪಕರಣ. ಪಾಪ, ಹುಡುಗಿಗೆ ದೂರದ್ದೆಲ್ಲ ಮಸುಕು. ಮೇಡಂ ಕೂಡ ಪರೀಕ್ಷಿಸಿ ಹೌದೆಂದರು.

"ಯಾಕ ಹಿಂಗ ಮಾಡ್ದಿ?" ಎಂದರೆ ಅಳುವೇ ಶುರು. "ಚಷ್ಮಾ ಬಂದ್ರ ಖೋಖೋದಿಂದ ತೆಗೀತಾರ್ರಿ."

ಆಟದ ಮೇಷ್ಟ್ರು ಬಸವರಾಜ ಸರ್ ತಲೆ ಚಚ್ಚಿಕೊಂಡರು. "ನಾ ಯಾವಾಗ ಹಂಗ ಅಂದೀನವ್ವಾ? ಹಿಂದ ಎಲಾಸ್ಟಿಕ್ ಕಟ್ಟಿದ್ರ ಆತು. ಆದ್ರ ಮೇಡಂ, ಇಕಿ ಅಜ್ಜಿನ ಒಪ್ಪಸೂದು ನಿಮ್ಮ ಕೆಲಸ." ಅನಿತಾಳ ತಂದೆತಾಯಿ ತಾಂಡೂರಿನ ಕಲ್ಲಿನ ಗಣಿಯ ಕೆಲಸಕ್ಕೆ ಹೋಗಿದ್ದರು. ಅಜ್ಜಿಯ ಮಾತೇ ಅವರಿಗೂ ಕೊನೆಯ ಮಾತಂತೆ.

ಸಂಜೆ ಅವರ ಮನೆಗೆ ಹೋದೆವು. ಅಜ್ಜಿ ಗುಂಡಮ್ಮ, ಹಣೆತುಂಬ ವಿಭೂತಿ, ಅಂಗಳದಲ್ಲಿ ಕೂತು ಮೊರದಲ್ಲಿ ಬೇಳೆ ಆರಿಸುತ್ತಿದ್ದರು. "ಸಣ್ಣ ಪೋರಿಗಿ ಎಂಥಾ ಚಷ್ಮಾ? ನಾಳಿ ಜನ ಕುರುಡಿ ಅಂತಾರ. ನೀವು ಮಾರಾಕ ಬಂದೀರಿ, ಮಾರಿ ಹೋಗ್ತೀರಿ." ನನಗೆ ಸೋದರಮಾವನೇ ಸೀರೆ ಉಟ್ಟು ಕೂತಂತೆ ಕಂಡಿತು. ವಾದ ಬಿಟ್ಟು, ಅಜ್ಜಿಯ ಕಣ್ಣನ್ನೇ ಪರೀಕ್ಷಿಸಿ, ಶಿಬಿರದಲ್ಲಿ ಹಂಚಲು ತಂದಿದ್ದ ಹತ್ತಿರದ ಚಷ್ಮಾ ಒಂದನ್ನು ಅವರ ಮೂಗಿನ ಮೇಲಿಟ್ಟೆ.

"ಅಯ್ಯ ನಮ್ಮಪ್ಪಾ! ಇಷ್ಟು ಹಳ್ಳು ಅವೇನು ಇದರಾಗ? ಇಷ್ಟು ದಿನ ಇದನ್ನೇ ಉಣಸೀನಿ?" ಅಜ್ಜಿ ಖುಷಿಯಿಂದ ಹರಳು ಹೆಕ್ಕತೊಡಗಿದರು. ಆಮೇಲೆ ತಲೆ ಎತ್ತಿ ಬಾಗಿಲ ಬಳಿ ನಿಂತ ಮೊಮ್ಮಗಳ ಕಡೆ ನೋಡಿದರು. "ಪೋರಿ ಮಾರಿನೇ ಕಾಣವಲ್ದು. ಕೆಟ್ಟದ ನಿನ್ನ ಚಷ್ಮಾ."

"ಕೆಟ್ಟಿಲ್ಲ ಅಜ್ಜಿ, ಅದು ಹತ್ತಿರದ್ದು ನೋಡಾಕಷ್ಟೇ. ದೂರದ್ದು ಈಗ ನಿಮಗ ಹೆಂಗ ಕಾಣ್ತದ, ಅನಿತಾಗ ಬರಿಗಣ್ಣಿಲೆ ಹಂಗೇ ಕಾಣ್ತದ ನೋಡ್ರಿ."

"ದಿನಾ?"

"ದಿನಾ."

ಅಜ್ಜಿ ಮೊರ ಕೆಳಗಿಟ್ಟು ಎದ್ದರು. ಚಷ್ಮಾ ತೆಗೆಯದೆ, ಹುಡುಗಿಯ ಮುಖ ಸ್ಪಷ್ಟವಾಗುವವರೆಗೂ ನಡೆದು ಹೋದರು. ಕೊನೆಗೆ ಅವಳ ಗಲ್ಲ ಹಿಡಿದು, "ಇಷ್ಟು ಸನೇಕ ಬಂದ್ರ ಕಾಣ್ತೀನೇನವ್ವಾ ನಾ ನಿನಗ?" ಎಂದರು. ರಫಿಯಾ ಪೆಟ್ಟಿಗೆ ಒರೆಸುತ್ತಿದ್ದಳು. "ಮಾಡಸ್ರಿ," ಎಂದರು ಅಜ್ಜಿ ನಮ್ಮ ಕಡೆ ತಿರುಗಿ. "ಆಟದಾಗ ಒಡೀಲಾರದಂಥಾದ್ದು ಮಾಡಸ್ರಿ."

ಚಷ್ಮಾ ಜಹೀರಾಬಾದಿನಲ್ಲಿ ತಯಾರಾಗಬೇಕಿತ್ತು. ದಿನಾ ಅಲ್ಲಿಂದ ಶಾಲೆಗೆ ಓಡಾಡುವ ಬಸವರಾಜ ಸರ್ ತರುತ್ತೇನೆಂದರು. ಅದು ಬರುವ ಮೊದಲೇ ಶಿಬಿರ ಮುಗಿದು ನಾವು ಹೊರಟೆವು. ಅದನ್ನು ಹಾಕಿಕೊಂಡರೆ ಅನಿತಾಗೆ ಹೇಗೆ ಕಾಣುತ್ತದೋ ಎಂಬ ಚಿಂತೆ ದಾರಿಯುದ್ದಕ್ಕೂ ನನ್ನ ಜೊತೆಗಿತ್ತು. ತಾಂಡೂರಿನ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುವಾಗ ಸರ್ ವಿಡಿಯೋ ಕರೆ ಮಾಡಿದರು. ಎಲಾಸ್ಟಿಕ್ ಕಟ್ಟಿದ ಚಷ್ಮಾ ಹಾಕಿಕೊಂಡು ಅನಿತಾ ಏದುಸಿರು ಬಿಡುತ್ತಿದ್ದಳು. "ಅಕ್ಕಾರ, ಆ ಕಡೀ ಕಂಬ ಈ ಕಡಿಯಿಂದ ಕಾಣ್ತದ್ರಿ!" ರಫಿಯಾ ಪ್ಲಾಟ್‌ಫಾರ್ಮಿನಲ್ಲೇ ಕುಣಿದಳು.

ಸರ್ ಫೋನನ್ನು ಮೈದಾನದ ಅಂಚಿಗೆ ತಿರುಗಿಸಿದರು. ಗುಂಡಮ್ಮಜ್ಜಿ ಓಣಿಯ ಹೆಂಗಸರನ್ನು ಸೇರಿಸಿಕೊಂಡು, ತಮ್ಮ ಚಷ್ಮಾವನ್ನು ಒಬ್ಬೊಬ್ಬರ ಮೂಗಿಗೂ ಏರಿಸಿ, ದೂರದಲ್ಲಿ ಓಡುವ ಮಕ್ಕಳ ಕಡೆ ಬೆರಳು ಮಾಡುತ್ತಿದ್ದರು. "ಹಿಂಗ ಕಾಣ್ತಿತ್ತು ನಮ್ಮ ಪೋರಿಗಿ. ನಿಮ್ಮ ಮಕ್ಕಳಿಗೂ ಹಿಂಗೇ ಅದನೋ ಏನೋ, ತೋರಸ್ರಿ ಮೊದಲ!"

ರೈಲು ಬಂತು. ಪೆಟ್ಟಿಗೆ ತೆರೆದು ನೋಡಿದೆ. ಹತ್ತಿರದ ಚಷ್ಮಾ ಇನ್ನೊಂದು ಉಳಿದಿತ್ತು. ಅದನ್ನು ಸೋದರಮಾವನಿಗೆಂದು ತೆಗೆದಿಟ್ಟುಕೊಂಡೆ.